ಗನ್ ಹೊಡೆಯೋ ಮುಂಚೆ ಓಡಿದವರು: 31ರ ರಾತ್ರಿ ಹೋದ ಬೋಟುಗಳದ್ದು ತಪ್ಪೋ ಅಲ್ವೋ?

ಕಡಲಮಗ ಕಾರವಾರ
ಜುಲೈ 31ರ ಸಂಜೆ ಕತ್ತಲಾಗ್ತಿದ್ದ ಹಾಗೆ ನಮ್ಮ ಬಂದರಿಂದ ಕೆಲವು ಟ್ರಾಲ್ ಬೋಟು (ಬಲೆ ಎಳೆದು ಮೀನು ಹಿಡಿಯೋ ಇಂಜಿನ್ ಬೋಟು) ಲೈಟ್ ಆಫ್ ಮಾಡ್ಕಂಡು ಹೊರಗೆ ಹೋದ್ವು. ಯಾವ ಬಂದರು, ಯಾರ ಬೋಟು ಅಂತ ಇಲ್ಲಿ ಬರೆಯೋದಿಲ್ಲ. ಉಳಿದವರೆಲ್ಲ ಐಸ್ ತುಂಬಿ, ಡೀಸೆಲ್ ಹಾಕಿ, ಬಲೆ ಏರಿಸಿ ರಾತ್ರಿ 12 ಆಗ್ಲಿ ಅಂತ ಬೋಟು ಕಟ್ಟೋ ದಕ್ಕೆಯಲ್ಲೇ ಕೂತಿದ್ರು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟಿಗೆ ಬಂದ್, ಇದು ಎಲ್ಲರಿಗೂ ಒಂದೇ. ಇಂಗ್ಲಿಷಲ್ಲಿ 'ಜಂಪಿಂಗ್ ದ ಗನ್' ಅಂತಾರಲ್ಲ, ಓಟದಲ್ಲಿ ಗನ್ ಹೊಡೆಯೋ ಮುಂಚೆ ಓಡೋದು, ಇವ್ರು ಮಾಡಿದ್ದು ಅದನ್ನೇ. ಓಟದಲ್ಲಾದ್ರೆ ಅಲ್ಲೇ ಹೊರಗೆ ಹಾಕ್ತಾರೆ, ಇಲ್ಲಿ ಅವರೇ ಮೊದಲು ದಡಕ್ಕೆ ಬಂದು ಮೊದಲ ಹರಾಜಿನ ರೇಟು ತಗಂಡು ಹೋದ್ರು. ಮೀನುಗಾರಿಕೆ ಇಲಾಖೆಗೆ ಒಂದು ಮನವಿ ಕೊಡುವ ಅಂತ ಇದ್ದೇನೆ, ಯಾರ್ಯಾರು ಬರ್ತೀರಿ ಹೇಳಿ.

ತೋಟದಮನೆ ಶಿರಸಿ
"ಮುಂಚೆ" ಹೋಗಿದ್ದೇ ತಪ್ಪು ಹೇಳಿ ಆದ್ರೆ ಘಟ್ಟದ ಮೇಲೆ ನಾವು ಅಡಿಕೆ ಬೆಳೆಯೋ ಹಾಗೇ ಇಲ್ಲ. ಕೊಳೆ ಔಷಧಿ ಮಳೆ ಹಿಡಿಯೋದರ ಒಳಗೇ ಹೊಡೀಬೇಕು, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ 1 ಕೆಜಿ ಸುಣ್ಣ ಹಾಕಿ ಬೋರ್ಡೋ ಮಾಡ್ಕಂಡು ಕೊನೆಗೌಡನ್ನ ಮರ ಹತ್ತಿಸಿದ್ರೆ ಗೊನೆಗೆ ಔಷಧಿ ಹಿಡೀತು, ಮಳೆ ಶುರುವಾದ ಮೇಲೆ ಹೊಡೆಯೋಣ ಹೇಳಿ ಕೂತವನ ತೋಟದಲ್ಲಿ ಕಾಯಿ ಉದುರಿ ನೆಲ ತುಂಬ್ತು. ಮುಂಚೆ ಮಾಡೋದು ಬುದ್ಧಿವಂತಿಕೆಯೂ ಆಗ್ತು. ಎಲ್ಲಾದಕ್ಕೂ ಒಂದು ಇಂಗ್ಲಿಷ್ ಮಾತು ತಂದು ಹಾಕೋದು ಎಂತಕ್ಕೆ, ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೇಳಿ ನಮ್ಮದೇ ಗಾದೆ ಇಲ್ವಾ?

ಕಡಲಮಗ ಕಾರವಾರ
ಹೆಗಡೇರೆ, ನಿಮ್ಮ ತೋಟಕ್ಕೆ ನೀವು ಮೇ ತಿಂಗಳಲ್ಲೇ ಔಷಧಿ ಹೊಡೆದ್ರೆ ಪಕ್ಕದ ತೋಟದವನಿಗೆ ಎಂತ ನಷ್ಟ? ಅವನೂ ಹೊಡೀಬಹುದು, ಅವನ ಕೈ ಯಾರೂ ಹಿಡಿದಿಲ್ಲ. ಇಲ್ಲಿ ನಮ್ಮ ಕೈ ರೂಲು ಹಿಡಿದಿತ್ತು, ಅವರು ಬಿಡಿಸ್ಕಂಡು ಹೋದ್ರು. ಕುಲಾವಿ ಹೊಲಿಸಿದವ ಇನ್ನೊಬ್ಬರ ಕೂಸಿಂದು ಕಸಿದು ತರೋದಿಲ್ಲ, ಅವನಿಗೆ ಅವನದ್ದೇ ಖರ್ಚು. ಅದೇ ವ್ಯತ್ಯಾಸ.

ಪಿಟಿ ಮಾಸ್ತರ್ ಹೊನ್ನಾವರ
ಕಡಲಮಗ ಹೇಳಿದ್ದು ಸರಿ ಉಂಟು. ಇದು ಅಮೆರಿಕದ ಟ್ರ್ಯಾಕಿನಿಂದ ಬಂದ ಮಾತು, 20ನೇ ಶತಮಾನದ ಮೊದಲ ದಶಕಗಳದ್ದು. ಸ್ಟಾರ್ಟರ್ ಪಿಸ್ತೂಲು ಹಾರಿಸೋ ಮುಂಚೆ ಗೆರೆ ಬಿಟ್ಟವನಿಗೆ ಹೇಳ್ತಿದ್ದದ್ದು. ಮತ್ತೆ ಇವತ್ತು ಅಥ್ಲೆಟಿಕ್ಸ್‌ನಲ್ಲಿ ಒಂದೇ ಒಂದು ಫಾಲ್ಸ್ ಸ್ಟಾರ್ಟ್ ಆದ್ರೆ ಔಟ್, ವಾರ್ನಿಂಗ್ ಇಲ್ಲ, ಎಂತ ಇಲ್ಲ. 2010ರಿಂದ ಹೀಗೆ. 2011ರಲ್ಲಿ ದೇಗುವಿನ ವಿಶ್ವ ಚಾಂಪಿಯನ್‌ಶಿಪ್ 100 ಮೀಟರ್ ಫೈನಲ್‌ನಲ್ಲಿ ಉಸೇನ್ ಬೋಲ್ಟ್‌ನನ್ನೇ ಹೊರಗೆ ಕಳಿಸಿದ್ರು, ಇಡೀ ಸ್ಟೇಡಿಯಂ ಅವನನ್ನ ನೋಡಲಿಕ್ಕೆ ಬಂದಿತ್ತು, ಆದ್ರೂ ಕಳಿಸಿದ್ರು. ಯೋಹಾನ್ ಬ್ಲೇಕ್ 9.92ಕ್ಕೆ ಗೆದ್ದ. ಬೋಟಿನವರಿಗೂ ಅದೇ ಶಿಸ್ತು ಬರಬೇಕು.

ತದಡಿ ಬೋಟ್
"ಮೊದಲ ಹರಾಜಿನ ರೇಟು ತಗಂಡು ಹೋದ್ರು" ಅಂತೆ! ಎರಡು ತಿಂಗಳು ಬೋಟು ಕಟ್ಟಿ ಹಾಕಿದವನ ಮನೆ ಸ್ಥಿತಿ ಯಾರಾದ್ರೂ ಕೇಳಿದ್ರಾ? ಬ್ಯಾಂಕಿನ ಕಂತು ಜೂನ್ ಜುಲೈಯಲ್ಲಿ ನಿಲ್ಲೋದಿಲ್ಲ. ಒಡಿಶಾ, ಜಾರ್ಖಂಡಿಂದ ಬರೋ ಹುಡುಗರಿಗೆ ಮುಂಗಡ ಕೊಟ್ಟು ಕರೆಸ್ಬೇಕು, ಬಂದು ಕೂತ ದಿನದಿಂದ ಅವರ ಊಟ ತಿಂಡಿ ಮಾಲಕನ ಮೇಲೆ. ಕೇರಳದಲ್ಲಿ ಬಂದ್ 52 ದಿನ ಮಾತ್ರ, ನಮಗೆ 61. ಅವರು ಜೂನ್ 9ರ ತನಕ ಹಿಡೀತಾರೆ ನಾವು ಮೇ 31ಕ್ಕೇ ನಿಲ್ಲಿಸ್ಬೇಕು, ಇದನ್ನ ಯಾಕೆ ಕೇಳೋದಿಲ್ಲ ನೀವು? ನಾಲ್ಕು ತಾಸು ಮುಂಚೆ ಹೋದವನು ದೊಡ್ಡ ಕಳ್ಳ ಆದ್ನಾ?

ಕಡಲಮಗ ಕಾರವಾರ
ಕೇರಳದವರೂ ಮುಗಿಸೋದು ಜುಲೈ 31ಕ್ಕೇ. ನೀವು ಹೇಳಿದ 9 ದಿನ ಬಂದ್ ಶುರುವಾಗೋ ಹೊತ್ತಿಂದು. ನಾನು ಮಾತಾಡ್ತಿರೋದು ಮುಗಿಯೋ ಹೊತ್ತಿನದು.

ಸ್ಪೈಕ್ಸ್ ಕುಮಟಾ
ಮಾಸ್ತರ್, "ಗೆರೆ ಬಿಟ್ಟವನಿಗೆ" ಅಂದ್ರಲ್ಲ, ಈಗಿನ ರೂಲು ಹಾಗಿಲ್ಲ ಸರ್. ಈಗ ಗನ್ ಹೊಡೆದ ಮೇಲೆ ಓಡಿದವನನ್ನೂ ಹೊರಗೆ ಹಾಕ್ತಾರೆ. ಸ್ಟಾರ್ಟಿಂಗ್ ಬ್ಲಾಕಲ್ಲಿ ಸೆನ್ಸರ್ ಇರ್ತದೆ, ಕಾಲಿನ ಒತ್ತಡ ಅಳೀತದೆ, ಗನ್ ಆಗಿ 0.100 ಸೆಕೆಂಡ್ ಒಳಗೆ ಒತ್ತಿದ್ರೆ ಸ್ಟಾರ್ಟರ್ ಹೆಡ್‌ಫೋನಿಗೆ ಸಿಗ್ನಲ್ ಬಂತು, ಫಾಲ್ಸ್ ಸ್ಟಾರ್ಟ್. ಮನುಷ್ಯನ ಕಿವಿಗೆ ಶಬ್ದ ಬಿದ್ದು ಕಾಲಿಗೆ ಆರ್ಡರ್ ಹೋಗ್ಲಿಕ್ಕೆ ಅಷ್ಟಾದ್ರೂ ಬೇಕು, ಅದಕ್ಕಿಂತ ಬೇಗ ಅಂದ್ರೆ ಅಂದಾಜಲ್ಲಿ ಓಡಿದ್ದು ಅಂತ ಲೆಕ್ಕ. 2022ರಲ್ಲಿ ಅಮೆರಿಕದ ಯೂಜಿನ್‌ನಲ್ಲಿ ವಿಶ್ವ ಚಾಂಪಿಯನ್‌ಶಿಪ್ 110 ಮೀಟರ್ ಹರ್ಡಲ್ಸ್ ಫೈನಲ್, ಡೆವನ್ ಅಲೆನ್ ರಿಯಾಕ್ಷನ್ 0.099. ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು! ಅವನ ತವರು ಟ್ರ್ಯಾಕು ಅದು, ಓದಿದ ಯೂನಿವರ್ಸಿಟಿ ಅಲ್ಲೇ. ಹೊರಗೆ ಹಾಕಿದ್ರು. ಅವನು ಗನ್ ಜಂಪ್ ಮಾಡಿದ್ನಾ ಹೇಳಿ?

ಪಿಟಿ ಮಾಸ್ತರ್ ಹೊನ್ನಾವರ
ಮಾಡಿದ್ದ. ರೂಲು 0.100 ಅಂದ್ರೆ 0.100. 0.099ಕ್ಕೆ ಬಿಟ್ರೆ ನಾಳೆ 0.098ರವ ಬಂದು ನನ್ನನ್ನೂ ಬಿಡಿ ಅಂತಾನೆ.

ಸ್ಪೈಕ್ಸ್ ಕುಮಟಾ
ಸರ್ ಅದು ಉತ್ತರ ಅಲ್ಲ. 0.1 ಸೆಕೆಂಡ್ ಯಾರೋ ಗೆರೆ ಹಾಕಿದ್ದು, ಎಲ್ಲರ ನರ ಒಂದೇ ಥರ ಇರ್ತದಾ? ಅದಕ್ಕಿಂತ ಸ್ವಲ್ಪ ಬೇಗ ಕೆಲವರು ನಿಜವಾಗ್ಲೂ ರಿಯಾಕ್ಟ್ ಮಾಡ್ತಾರೆ ಅಂತ ಎಷ್ಟು ಜನ ಸ್ಪೋರ್ಟ್ಸ್ ಸೈನ್ಸಿನವರು ವಾದ ಮಾಡ್ತಾ ಬಂದಿದ್ದಾರೆ. ಬೋಲ್ಟ್ ಬೇರೆ, ಅಲೆನ್ ಬೇರೆ. ಬೋಲ್ಟ್ ಗನ್ ಹೊಡೆಯೋ ಮುಂಚೆ ಬ್ಲಾಕಿಂದ ಎದ್ದಿದ್ದು ಬರಿ ಕಣ್ಣಿಗೆ ಕಾಣ್ತದೆ. ಅಲೆನ್ ಗನ್ ಕೇಳಿಯೇ ಎದ್ದವ. ಇಬ್ಬರಿಗೂ ಒಂದೇ ಶಿಕ್ಷೆ ಅಂದ್ರೆ ಅನ್ಯಾಯ.

ತದಡಿ ಬೋಟ್
"ಯಾರೋ ಗೆರೆ ಹಾಕಿದ್ದು" ಇದನ್ನೇ ನಾನು ಹೇಳ್ತಿರೋದು ತಮಾ!! ಜುಲೈ 31 ಅಂತ ಯಾರು ಗೆರೆ ಹಾಕಿದ್ದು, ಮೀನು ಕ್ಯಾಲೆಂಡರ್ ನೋಡ್ಕಂಡು ಮೊಟ್ಟೆ ಇಡ್ತದಾ? ಒಂದು ವರ್ಷ ಮಳೆ ಬೇಗ ಬರ್ತದೆ, ಇನ್ನೊಂದು ವರ್ಷ ಜೂನ್ ಕಡೆಗೆ ಬರ್ತದೆ, ಗೆರೆ ಮಾತ್ರ ಅಲ್ಲೇ.

ಬೇಲೇಕೇರಿ ಮೀನಿನಂಗಡಿ
ಮೀನು ಕ್ಯಾಲೆಂಡರ್ ನೋಡೋದಿಲ್ಲ ಸರಿ, ನೀವು ಮೀನಿನ ಹೊಟ್ಟೆ ಸೀಳಿ ನೋಡಿದ್ದೀರಾ ಅಣ್ಣ? ನಾನು ದಿನಾ ಸೀಳ್ತೇನೆ. ಆಗಸ್ಟ್ ಮೊದಲ ವಾರ ಬರೋ ಬಂಗಡೆ ಹೊಟ್ಟೆಗೆ ಕತ್ತಿ ಹಾಕಿದ್ರೆ ಎರಡೂ ಬದಿಗೆ ಹಳದಿ ಮೊಟ್ಟೆ ಬೆರಳಿನಷ್ಟು ಉದ್ದಕ್ಕೆ ಗಟ್ಟಿಯಾಗಿ ಮಲಗಿರ್ತದೆ, ಎಲ್ಲಾದ್ರಲ್ಲೂ ಅಲ್ಲ, ಆದ್ರೆ ಎಷ್ಟೋ ಮೀನಲ್ಲಿ. ಗಿರಾಕಿ ಕೆಲವರು ಮೊಟ್ಟೆ ಮೀನೇ ಬೇಕು ಅಂತ ಆರಿಸ್ತಾರೆ, ನನಗೆ ಕೊಡ್ಲಿಕ್ಕೆ ಬೇಜಾರಾಗ್ತದೆ. ತಾರ್ಲೆ (ಭೂತಾಯಿ) ಮೊಟ್ಟೆ ಇಡೋದೂ ಜೂನಿಂದ ಆಗಸ್ಟ್ ಮಳೆಯಲ್ಲೇ ಹೆಚ್ಚು. 31ಕ್ಕೆ ಬಿಡೋದೇ ಬೇಗ ಆಯ್ತು ಅಂತ ನನ್ನ ಅಭಿಪ್ರಾಯ, ಅದಕ್ಕೂ ಮುಂಚೆ ಹೋಗೋದು ಅಂದ್ರೆ ಎಂತ ಹೇಳೋದು. ನಮ್ಮ ಅಜ್ಜನ ಕಾಲದಲ್ಲಿ ನೂಲಹುಣ್ಣಿಮೆಗೆ ಸಮುದ್ರಕ್ಕೆ ಪೂಜೆ ಮಾಡಿ ಕಾಯಿ ಬಿಟ್ಟ ಮೇಲೇ ದೋಣಿ ಇಳಿಸ್ತಿದ್ದದ್ದು.

ತದಡಿ ಬೋಟ್
ನೂಲಹುಣ್ಣಿಮೆ ಲೆಕ್ಕ ಹಿಡಿದ್ರೆ ಆಗಸ್ಟ್ 1ಕ್ಕೆ ಹೋದ ಕಡಲಮಗನೂ ಗನ್ ಜಂಪ್ ಮಾಡಿದವನೇ. 2025ರಲ್ಲಿ ಹುಣ್ಣಿಮೆ ಆಗಸ್ಟ್ 9ಕ್ಕಿತ್ತು. 2023ರಲ್ಲಿ ಅಧಿಕ ಮಾಸ ಬಂದು ಆಗಸ್ಟ್ 30ಕ್ಕೆ ಹೋಗಿತ್ತು. ಆ ವರ್ಷ ಒಬ್ಬರಾದ್ರೂ 30ರ ತನಕ ಕಾದ್ರಾ ಅಕ್ಕ? ಎಲ್ಲ ಹೋದವರೇ. ಹಾಗಾದ್ರೆ ಇಡೀ ಕರಾವಳಿಯನ್ನೇ ಹೊರಗೆ ಹಾಕ್ಬೇಕಾಗ್ತದೆ.

ಬೇಲೇಕೇರಿ ಮೀನಿನಂಗಡಿ
ಹೌದು, ಹಾಕಿ. ನಾನು ಹೇಳಿದ್ದು ಮೊಟ್ಟೆ ಬಗ್ಗೆ, ನೀವು ಹಿಡಿದಿದ್ದು ಹುಣ್ಣಿಮೆ ತಾರೀಕು.

ಪಿಟಿ ಮಾಸ್ತರ್ ಹೊನ್ನಾವರ
ಕುಮಟೆ ಹುಡುಗನಿಗೆ. "ಇಬ್ಬರಿಗೂ ಒಂದೇ ಶಿಕ್ಷೆ ಅನ್ಯಾಯ" ಅಂದೆಯಲ್ಲ, ಶಿಕ್ಷೆಯಲ್ಲಿ ಸಡಿಲ ಬಿಟ್ಟಾಗ ಏನಾಗಿತ್ತು ಗೊತ್ತುಂಟಾ? ಮೊದಲು ಒಬ್ಬೊಬ್ಬನಿಗೂ ಒಂದು ಫಾಲ್ಸ್ ಸ್ಟಾರ್ಟ್ ಮಾಫಿ ಇತ್ತು. 1996 ಅಟ್ಲಾಂಟಾ ಒಲಿಂಪಿಕ್ಸ್ ಫೈನಲ್, ಹಿಂದಿನ ಬಾರ್ಸಿಲೋನಾ ಚಾಂಪಿಯನ್ ಲಿನ್‌ಫರ್ಡ್ ಕ್ರಿಸ್ಟಿ ಒಂದಲ್ಲ ಎರಡು ಸಲ ಮುಂಚೆ ಎದ್ದ, ಹೊರಗೆ ಹೋಗು ಅಂದ್ರೂ ಹೋಗ್ಲಿಕ್ಕೆ ಒಪ್ಪದೆ ನಿಂತ, ಉಳಿದವರು ಬ್ಲಾಕಲ್ಲಿ ಕೂತು ಏಳೋದು ಕೂತು ಏಳೋದು. 2003ರಿಂದ ಮೊದಲ ತಪ್ಪು ಎಲ್ಲರ ಲೆಕ್ಕಕ್ಕೆ, ಎರಡನೇದಕ್ಕೆ ಯಾರು ಮಾಡಿದ್ರೂ ಔಟ್ ಅಂತ ಮಾಡಿದ್ರು. ಆಗ ಸ್ಟಾರ್ಟ್ ನಿಧಾನ ಇದ್ದವರು ಬೇಕಂತಲೇ ಒಂದು ಸಲ ಮುಂಚೆ ಎದ್ದು, ಸ್ಟಾರ್ಟ್ ಚೆನ್ನಾಗಿದ್ದವನು ಹೆದರಿ ಕೂರೋ ಹಾಗೆ ಮಾಡ್ಲಿಕ್ಕೆ ಶುರು ಮಾಡಿದ್ರು. ಸಡಿಲ ಬಿಟ್ಟ ರೂಲನ್ನ ಉಪಯೋಗಿಸೋದು ಯಾವಾಗ್ಲೂ ಕಿಲಾಡಿಯೇ. ನಾನು ಮಕ್ಕಳಿಗೆ ಓಟ ಕಲಿಸುವವ, ತಾಲೂಕು ಮಟ್ಟದಲ್ಲಿ ಒಳ್ಳೆ ಹುಡುಗಿ ಒಬ್ಬಳು ಮುಂಚೆ ಎದ್ದು ಅಳ್ತಾ ಹೊರಗೆ ಬಂದಿದ್ದು ಕಣ್ಣಾರೆ ನೋಡಿದ್ದೇನೆ, ಹೊಟ್ಟೆ ಉರಿದಿದೆ, ಆದ್ರೂ ಈ ರೂಲೇ ಸರಿ ಅಂತೇನೆ.

ಸ್ಪೈಕ್ಸ್ ಕುಮಟಾ
ತಾಲೂಕು ಮಟ್ಟದಲ್ಲಿ ಸೆನ್ಸರ್ ಎಲ್ಲಿತ್ತು ಸರ್? ಸ್ಟಾರ್ಟರ್ ಒಂದು ಬದಿಗೆ ನಿಂತು ಕ್ಲಾಪರ್, ಅಂದ್ರೆ ಎರಡು ಹಲಗೆ, ಹೊಡೀತಾರೆ, ಅಷ್ಟೇ. ಒಂದು ಲೇನು 1.22 ಮೀಟರ್. ಒಂದನೇ ಲೇನಿಂದ ಎಂಟನೇ ಲೇನಿಗೆ ಎಂಟೂವರೆ ಮೀಟರ್. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗ್ತದೆ. ಎಂಟನೇ ಲೇನಿನ ಮಗುವಿಗೆ ಶಬ್ದ 0.025 ಸೆಕೆಂಡ್ ತಡವಾಗಿ ಕೇಳ್ತದೆ. ಇದಕ್ಕೇ ದೊಡ್ಡ ಕೂಟದಲ್ಲಿ ಪ್ರತಿ ಬ್ಲಾಕಿನ ಹಿಂದೆ ಒಂದೊಂದು ಸ್ಪೀಕರ್ ಇಡೋದು. ಗನ್ನೇ ಎಲ್ಲರಿಗೂ ಒಟ್ಟಿಗೆ ಕೇಳೋದಿಲ್ಲ ಅಂದ್ರೆ ಮುಂಚೆ ಓಡಿದವರು ಯಾರು, ತಡ ಓಡಿದವರು ಯಾರು ಅಂತ ಹೇಗೆ ತೀರ್ಪು ಕೊಡ್ತೀರಿ?

ಪಿಟಿ ಮಾಸ್ತರ್ ಹೊನ್ನಾವರ
"ಕ್ಲಾಪರ್ ಅಷ್ಟೇ" ಅಂತ ಹೀಯಾಳಿಸ್ಬೇಡ. ಕ್ಲಾಪರ್ ಹೊಡೆದು ಓಡಿಸಿದ ಮಕ್ಕಳೇ ಈ ಜಿಲ್ಲೆಯಿಂದ ರಾಜ್ಯಕ್ಕೆ ಹೋಗಿದ್ದಾರೆ. ಗೆರೆಯ ತುದಿಗೆ ಇನ್ನೊಬ್ಬ ಮಾಸ್ತರ್ ಕೂತು ಮಕ್ಕಳ ಕೈ ನೋಡ್ತಾ ಇರ್ತಾನೆ, ಸ್ಟಾರ್ಟರ್‌ಗೆ ತಪ್ಪಿದ್ದು ಅವನಿಗೆ ಕಾಣ್ತದೆ. ಸೆನ್ಸರ್ ಇಲ್ಲದ ಕಾಲದಲ್ಲಿ ಓಟ ಇರ್ಲಿಲ್ವಾ?

ಸ್ಪೈಕ್ಸ್ ಕುಮಟಾ
ಹೀಯಾಳಿಸಿದ್ದು ಎಲ್ಲಿ ಸರ್, ನಾನೂ ಅದೇ ಕ್ಲಾಪರ್‌ಗೆ ಓಡಿದವ. ನಾನು ಕೇಳಿದ್ದು 0.025ರ ಬಗ್ಗೆ. 2003ರ ಪ್ಯಾರಿಸ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅಮೆರಿಕದ ಓಟಗಾರ ಜಾನ್ ಡ್ರಮ್ಮಂಡ್ ಟ್ರ್ಯಾಕಿನ ಮೇಲೇ ಮಲಗಿಬಿಟ್ಟ, ನಾನು ಅಲುಗಾಡ್ಲಿಲ್ಲ ಅಂತ, ಆ ರೇಸು ಎಷ್ಟೋ ಹೊತ್ತು ನಿಂತಿತ್ತು. ಯಂತ್ರ ಇದ್ದಲ್ಲೇ ಇಷ್ಟು ಗಲಾಟೆ ಆಗ್ತದೆ ಅಂದ್ಮೇಲೆ ಕಣ್ಣಲ್ಲಿ ನೋಡಿ ಒಂದು ಮಗುವನ್ನ ಮನೆಗೆ ಕಳಿಸೋದು ಹೇಗೆ ಸರಿ? ಡೆಕಾಥ್ಲಾನ್‌ನಲ್ಲಿ ಇವತ್ತಿಗೂ ಮೊದಲ ತಪ್ಪಿಗೆ ಬಿಡ್ತಾರೆ. ಹತ್ತು ಸ್ಪರ್ಧೆ ಇದ್ದವನಿಗೆ ಒಂದು ಮಾಫಿ, ವರ್ಷಕ್ಕೊಂದೇ ಓಟ ಸಿಗೋ ಹಳ್ಳಿ ಹುಡುಗಿಗೆ ಮಾಫಿ ಇಲ್ಲ. ಆ ಹುಡುಗಿ ಆಮೇಲೆ ಓಡಿದ್ಲಾ ಸರ್? ಅದನ್ನ ಹೇಳಿ.

ಪಿಟಿ ಮಾಸ್ತರ್ ಹೊನ್ನಾವರ
ಡೆಕಾಥ್ಲಾನ್ ಎರಡು ದಿನದ ಸ್ಪರ್ಧೆ, ಅದಕ್ಕೂ ಇದಕ್ಕೂ ಎಂತ ಹೋಲಿಕೆ. ಈಜಿನಲ್ಲಿ ನೋಡು, ಅಲ್ಲೂ ಒಂದೇ ಸ್ಟಾರ್ಟ್. ಮುಂಚೆ ಹಾರಿದವ ಔಟ್.

ಬೇಲೇಕೇರಿ ಮೀನಿನಂಗಡಿ
ಇಬ್ಬರೂ ಸ್ವಲ್ಪ ನಿಲ್ಲಿಸ್ತೀರಾ?? ನಾಡದೋಣಿಯವರ ಬಗ್ಗೆ ಒಬ್ಬರೂ ಒಂದು ಅಕ್ಷರ ಬರೀಲಿಲ್ಲ. 10 ಎಚ್‌ಪಿ ಒಳಗಿನ ಇಂಜಿನ್ ಇದ್ದ ದೋಣಿಗೆ ಮಳೆಗಾಲದಲ್ಲೂ ಹಿಡೀಲಿಕ್ಕೆ ರೂಲಲ್ಲೇ ಬಿಟ್ಟಿದ್ದಾರೆ. ಆ ಎರಡು ತಿಂಗಳು ದಡದ ಹತ್ತಿರ ಬರೋ ನಾಲ್ಕು ಮೀನು ಅವರ ಪಾಲು, ಅದ್ರಲ್ಲೇ ನಾವು ಮಾರೋ ಹೆಂಗಸರ ಪಾಲು. ಟ್ರಾಲ್ ಬೋಟು 31ರ ಸಂಜೆಗೇ ನುಗ್ಗಿದ್ರೆ ಅವತ್ತು ರಾತ್ರಿ ಬಲೆ ಬಿಟ್ಟು ಕೂತ ದೋಣಿಯವನ ಬಲೆ ಮೇಲೇ ಲೈಟಿಲ್ಲದ ಬೋಟು ಹೋಗ್ತದೆ. ಬಲೆ ಹರಿದ್ರೆ ಯಾರು ಕೊಡ್ತಾರೆ? ದೋಣಿಗೆ ಬಡಿದ್ರೆ? ನೀವು ಗನ್ನಿನ ಶಬ್ದ ಎಷ್ಟನೇ ಲೇನಿಗೆ ಯಾವಾಗ ಕೇಳ್ತದೆ ಅಂತ ಲೆಕ್ಕ ಹಾಕ್ತಾ ಕೂತಿದ್ದೀರಿ. ನನ್ನ ತಮ್ಮ ಅವತ್ತು ರಾತ್ರಿ ಹೊರಗೆ ಇದ್ದ.

ತೋಟದಮನೆ ಶಿರಸಿ
ತಂಗಿ, ತಮ್ಮನಿಗೆ ಎಂತ ಆಗಲಿಲ್ಲ ಅಲ್ದಾ?

ಬೇಲೇಕೇರಿ ಮೀನಿನಂಗಡಿ
ಎಂತ ಆಗಲಿಲ್ಲ. ಇಂಜಿನ್ ಶಬ್ದ ಕೇಳಿ ಟಾರ್ಚ್ ಬೀಸಿದ, ತಪ್ಪಿತು.

ಯಲ್ಲಾಪುರ ವಕೀಲ
"ನಾಲ್ಕು ತಾಸು ಮುಂಚೆ ಹೋದವನು ದೊಡ್ಡ ಕಳ್ಳ ಆದ್ನಾ" ಅಂತ ಮೇಲೊಬ್ಬರು ಕೇಳಿದಾರೆ, ಅದಕ್ಕೆ ಹೇಳ್ತೀನಿ. ಬೆಂಗಳೂರಲ್ಲಿ ಕಂಪನಿ ಕೇಸು ನೋಡೋ ನಮಗೆ 'ಗನ್ ಜಂಪಿಂಗ್' ಅನ್ನೋದು ದಿನಬಳಕೆ ಮಾತು. ಎರಡು ದೊಡ್ಡ ಕಂಪನಿ ಒಂದಾಗೋದಾದ್ರೆ ಮೊದಲು ಸ್ಪರ್ಧಾ ಆಯೋಗಕ್ಕೆ ತಿಳಿಸಿ ಒಪ್ಪಿಗೆ ಬರೋ ತನಕ ಕಾಯ್ಬೇಕು, ಕಾಯೋ ಗರಿಷ್ಠ ಅವಧಿ ಮೊದಲು 210 ದಿನ ಇತ್ತು, 2023ರ ತಿದ್ದುಪಡಿಯಲ್ಲಿ 150 ಮಾಡಿದ್ರು. ಕಾಯದೆ ಒಂದಾದ್ರೆ ಸ್ಪರ್ಧಾ ಕಾಯ್ದೆಯ 43ಎ ಸೆಕ್ಷನ್ ಪ್ರಕಾರ ವಹಿವಾಟು ಅಥವಾ ಆಸ್ತಿಯ ಶೇ. 1ರ ತನಕ ದಂಡ. ಮುಖ್ಯ ವಿಷಯ ಏನಂದ್ರೆ, ಆಮೇಲೆ ಆಯೋಗ ಆ ಡೀಲಿಗೆ ಒಪ್ಪಿಗೆ ಕೊಟ್ರೂ ದಂಡ ತಪ್ಪೋದಿಲ್ಲ. ಯಾರಿಗೂ ಹಾನಿ ಆಗಲಿಲ್ಲ ಅನ್ನೋದು ಡಿಫೆನ್ಸ್ ಅಲ್ಲ, ಕಾಯದೇ ಇದ್ದದ್ದೇ ತಪ್ಪು. ಹಾಗಾಗಿ ನಾಲ್ಕು ತಾಸೋ ನಾಲ್ಕು ನಿಮಿಷವೋ ಅನ್ನೋ ಪ್ರಶ್ನೆಯೇ ಬರೋದಿಲ್ಲ.

ತದಡಿ ಬೋಟ್
"ಎರಡು ದೊಡ್ಡ ಕಂಪನಿ" ವಕೀಲರೆ, ನೀವೇ ಬರೆದದ್ದು. ದೊಡ್ಡ ಕಂಪನಿ ಲೆಕ್ಕ ತಂದು ಒಂದು ಬೋಟಿನವನ ತಲೆ ಮೇಲೆ ಇಡ್ಬೇಡಿ. ಕಂಪನಿಗೆ ದಂಡ ಕಟ್ಟಿದ್ರೆ ಷೇರು ಸ್ವಲ್ಪ ಬೀಳ್ತದೆ, ನಮಗೆ ಡೀಸೆಲ್ ಸಬ್ಸಿಡಿ ಒಂದು ವರ್ಷ ನಿಂತ್ರೆ ಬೋಟು ಮಾರ್ಬೇಕು. ರಜೆ ಮುರಿದ್ರೆ ಕಡಲು ಮೀನುಗಾರಿಕೆ ಕಾಯ್ದೆ 1986ರಲ್ಲಿ ದಂಡ, ಅದರ ಮೇಲೆ ಸಬ್ಸಿಡಿ ಒಂದು ವರ್ಷ ಕಟ್ ಅಂತ ಇಲಾಖೆ ಪ್ರಕಟಣೆಯಲ್ಲೇ ಬರ್ತದೆ, ಅಷ್ಟು ಸಾಲದಾ ನಿಮಗೆ?

ಕಡಲಮಗ ಕಾರವಾರ
ಪ್ರಕಟಣೆಯಲ್ಲಿ ಬರ್ತದೆ ಅಣ್ಣ, ಆದ್ರೆ 31ರ ರಾತ್ರಿ ದಕ್ಕೆಯಲ್ಲಿ ಯಾರಿದ್ರು? ಯಾರೂ ಇರ್ಲಿಲ್ಲ. ಅದೇ ನನ್ನ ದೂರು. ಮತ್ತೆ ನಾಲ್ಕು ತಾಸು ಅಂತ ಸಣ್ಣದು ಮಾಡ್ಬೇಡಿ. ರಾತ್ರಿ 8ಕ್ಕೆ ಹೋದವ ಬೆಳಗಾಗೋದರೊಳಗೆ ಸಿಗಡಿ ಎಳೆದು ಮಧ್ಯಾಹ್ನ ಆಗೋ ಮುಂಚೆ ದಡಕ್ಕೆ ಬಂದ. ಎರಡು ತಿಂಗಳಿಂದ ಮೀನಿಲ್ಲದ ಮಾರ್ಕೆಟ್ಟು, ಖರೀದಿಯವರ ಲಾರಿ ಸಾಲಾಗಿ ನಿಂತಿದೆ, ಮೊದಲ ಬುಟ್ಟಿಗೆ ಮುಂಚೆ ಬಂದ ಬೋಟಿನವರು ಹೇಳಿದ್ದೇ ರೇಟು. ನಾವು 12ಕ್ಕೆ ಬಿಟ್ಟವರು ಸಂಜೆ ಎಲ್ಲ ಒಟ್ಟಿಗೆ ಬಂದಾಗ ಅದೇ ಸಿಗಡಿ ಅದೇ ಸೈಜು ರೇಟು ಅರ್ಧ. ವರ್ಷದಲ್ಲಿ ಅಂಥ ರೇಟು ಸಿಗೋದೇ ಆ ಒಂದು ದಿನ. ಸಾಲ ಅವರಿಗೊಬ್ಬರಿಗೆ ಇರೋದಾ? 12ರ ತನಕ ಕಾದವರೂ ಕಂತು ಕಟ್ತಾರೆ, ಅವರ ಬೋಟಲ್ಲೂ ಜಾರ್ಖಂಡ್ ಹುಡುಗರು ಊಟ ಮಾಡ್ತಾರೆ.

ತದಡಿ ಬೋಟ್
"12ಕ್ಕೆ ಬಿಟ್ಟವರು" ಎಲ್ಲ ಒಟ್ಟಿಗೆ ಬಿಟ್ರೆ ಹೊಳೆ ಸಮುದ್ರ ಸೇರೋ ಅಳಿವೆಯಲ್ಲಿ ಏನಾಗ್ತದೆ ಗೊತ್ತಿದ್ದೂ ಮಾತಾಡ್ತೀರಿ. ಶರಾವತಿ ಅಳಿವೆಯಲ್ಲಿ ಹೂಳು ತುಂಬಿ ಬೋಟು ಮಗುಚಿದ್ದು ಒಂದೆರಡಾ? ಮಳೆನೀರಿನ ಸೆಳವು ಒಳಗಿಂದ, ಸಮುದ್ರದ ಅಲೆ ಹೊರಗಿಂದ, ಕತ್ತಲು, ಅದ್ರಲ್ಲಿ ನೂರಾರು ಬೋಟು ಒಂದೇ ಹೊತ್ತಿಗೆ ಬಾಯಿಗೆ ನುಗ್ಗೋದು. ಸ್ವಲ್ಪ ಬೆಳಕಿದ್ದಾಗ, ಭರತ (ಉಬ್ಬರ) ಇದ್ದಾಗ ದಾಟಿ ಹೊರಗೆ ಹೋಗಿ ಲಂಗರು ಹಾಕಿ ಕಾಯೋದು ಜೀವ ಉಳಿಸ್ಕೊಳ್ಳೋ ಕೆಲಸ. ರಾತ್ರಿ 12 ಅಂತ ಗೆರೆ ಹಾಕಿದವನಿಗೆ ಅಳಿವೆ ಗೊತ್ತಿಲ್ಲ.

ಕಡಲಮಗ ಕಾರವಾರ
ಹೊರಗೆ ಹೋಗಿ ಲಂಗರು ಹಾಕಿ ಕಾದಿದ್ರೆ ನಾನು ಈ ಪೋಸ್ಟೇ ಹಾಕ್ತಿರಲಿಲ್ಲ. ಕಾಯುವವ ಲೈಟ್ ಯಾಕೆ ಆಫ್ ಮಾಡ್ತಾನೆ?

ಪಿಟಿ ಮಾಸ್ತರ್ ಹೊನ್ನಾವರ
ಅಳಿವೆ ವಿಷಯ ಬಂತಲ್ಲ, ನಾನು ಅದೇ ಊರಿನವ, ಅದು ನಿಜ. ಬೆಳಿಗ್ಗೆ ಬೆಳಕಾದ ಮೇಲೆ 6ಕ್ಕೆ ಅಂತ ಇಟ್ರೆ ಒಳ್ಳೇದು, ಬಂದರಿಗೊಂದು ಸೈರನ್ ಹಾಕಿ, ಎಲ್ಲರಿಗೂ ಒಟ್ಟಿಗೆ ಕೇಳ್ಲಿ.

ಸ್ಪೈಕ್ಸ್ ಕುಮಟಾ
"ಎಲ್ಲರಿಗೂ ಒಟ್ಟಿಗೆ ಕೇಳ್ಲಿ" ಅಂತ ನೀವೇ ಬರೆದ್ರಿ ಸರ್. ಬೋಟಿಗೆ ಎಲ್ಲರಿಗೂ ಒಟ್ಟಿಗೆ ಕೇಳ್ಬೇಕು, ಎಂಟನೇ ಲೇನಿನ ಹುಡುಗಿಗೆ ಬೇಡ್ವಾ?

ಪಿಟಿ ಮಾಸ್ತರ್ ಹೊನ್ನಾವರ
ನೋಡು ಮಾರಾಯ, ನನ್ನ ಹತ್ತಿರ ಓಡುವ ಮಕ್ಕಳಿಗೆ ನಾನು ಏನು ಹೇಳಿಕೊಡಬೇಕು ಅಂತ ನೀನು ನನಗೆ ಕಲಿಸೋದು ಬೇಡ. ಗನ್ ಕೇಳೋ ತನಕ ಅಲುಗಬೇಡ, ಇಷ್ಟೇ ಪಾಠ. ಮಗುವಿಗೆ ಮಾಫಿ ಕೊಡ್ತಾ ಹೋದ್ರೆ ಅದೇ ಮಗು ದೊಡ್ಡದಾಗಿ ಲೈಟ್ ಆಫ್ ಮಾಡ್ಕಂಡು ಬೋಟು ಬಿಡ್ತದೆ.

ಸ್ಪೈಕ್ಸ್ ಕುಮಟಾ
ಇದು ತುಂಬಾ ಜಾಸ್ತಿ ಆಯ್ತು ಸರ್. ಹೆದರಿಕೆಯಲ್ಲಿ ಕೈ ಅಲುಗಿದ ಹನ್ನೆರಡು ವರ್ಷದ ಮಗುವನ್ನೂ, ದುಡ್ಡಿನ ಆಸೆಗೆ ಲೈಟ್ ಆರಿಸಿ ಇನ್ನೊಬ್ಬರ ಬಲೆ ಮೇಲೆ ಬೋಟು ಓಡಿಸಿದವನನ್ನೂ ಒಂದೇ ತಕ್ಕಡಿಯಲ್ಲಿ ಇಟ್ರಿ. ಅವನು ಶಬ್ದ ಕೇಳಿ ತಪ್ಪಿದವ ಅಲ್ಲ, ಗೊತ್ತಿದ್ದೇ ಹೋದವ. ಮಗು ಹಾಗಲ್ಲ. ಇದನ್ನ ನಾನು ಒಪ್ಪೋದಿಲ್ಲ, ಯಾವತ್ತೂ ಒಪ್ಪೋದಿಲ್ಲ.

ಯಲ್ಲಾಪುರ ವಕೀಲ
ಕಾನೂನಲ್ಲೂ ಉದ್ದೇಶ ನೋಡಿ ದಂಡದ ಮೊತ್ತ ಹೆಚ್ಚು ಕಮ್ಮಿ ಮಾಡೋದು ಇದೆ. ದಂಡ ಪೂರ್ತಿ ಬಿಡೋದು ಬೇರೆ ಮಾತು.

ತೋಟದಮನೆ ಶಿರಸಿ
ನಾನು ಮೊದಲು ಹೇಳಿದ್ದಕ್ಕೆ ಇನ್ನೂ ಯಾರೂ ಸರಿ ಉತ್ತರ ಕೊಡಲಿಲ್ಲ. "ಪಕ್ಕದ ತೋಟದವನಿಗೆ ಎಂತ ನಷ್ಟ" ಹೇಳಿ ಕೇಳಿದ್ರಲ್ಲ ಕಡಲಮಗನವರು, ನಷ್ಟ ಉಂಟು. ಕೊನೆಗೌಡ ಊರಿಗೆ ಇಬ್ಬರೋ ಮೂವರೋ. ಮೊದಲೇ ಹೇಳಿಟ್ಟು ಮುಂಗಡ ಕೊಟ್ಟವನ ತೋಟಕ್ಕೆ ಅವ ಮೊದಲು ಹೋಗ್ತ, ಉಳಿದವರ ತೋಟಕ್ಕೆ ಬರೋದರ ಒಳಗೆ ಮಳೆ ಹಿಡೀತು. ಹಾಗಂತ ಮೊದಲು ಕರೆಸಿಕೊಂಡವನನ್ನ ಯಾರೂ ಬೈಯೋದಿಲ್ಲ. ತಯಾರಿ ಮಾಡಿಕೊಂಡವನಿಗೆ ಮೊದಲ ಫಲ ಸಿಕ್ರೆ ಅದು ನ್ಯಾಯವೇ.

ಬೇಲೇಕೇರಿ ಮೀನಿನಂಗಡಿ
ಹೆಗಡೇರೆ, ಕೊನೆಗೌಡನಿಗೆ 61 ದಿನ ಮರ ಹತ್ತಬೇಡ ಅಂತ ಸರ್ಕಾರ ಹೇಳಿದ್ರೆ, ಎಲ್ಲರೂ ಸುಮ್ನೆ ಕೂತಿದ್ದಾಗ ನಿಮ್ಮ ಪಕ್ಕದವನು ರಾತ್ರಿ ಅವನನ್ನ ಹತ್ತಿಸಿದ್ರೆ, ಆವಾಗ ನೀವು ಇಲ್ಲಿ ಬಂದು ಹೇಗೆ ಬರೀತೀರಿ ಅಂತ ನೋಡ್ಬೇಕು ನಾನು.

ತೋಟದಮನೆ ಶಿರಸಿ
ಅಂಥ ಸರ್ಕಾರಿ ಆದೇಶ ಅಡಿಕೆಗೆ ಬರೋದೇ ಇಲ್ಲ ತಂಗಿ. ಇಲ್ಲದ್ದನ್ನ ತಂದು ಕೇಳಿದ್ರೆ ಎಂತ ಹೇಳೋದು.

ಕಡಲಮಗ ಕಾರವಾರ
ಮನವಿ ಬರೆದಾಯ್ತು. ಮುಂದಿನ ವರ್ಷ 31ರ ಮಧ್ಯಾಹ್ನದಿಂದಲೇ ದಕ್ಕೆಯಲ್ಲಿ ಇಲಾಖೆಯವರು, ಕರಾವಳಿ ಕಾವಲು ಪೊಲೀಸರು ಇರ್ಬೇಕು. ಅಳಿವೆ ಕಷ್ಟ ಇದ್ದ ಬಂದರಲ್ಲಿ ಬೆಳಕಿರುವಾಗ ಹೊರಗೆ ಹೋಗಿ ಲಂಗರು ಹಾಕ್ಲಿಕ್ಕೆ ಬಿಡ್ಲಿ, ಆದ್ರೆ ಲೈಟ್ ಹಾಕಿಯೇ ಇರ್ಬೇಕು, ಬಲೆ ಡೆಕ್ ಮೇಲೇ ಇರ್ಬೇಕು. 1ನೇ ತಾರೀಕು ಮಧ್ಯಾಹ್ನದ ಒಳಗೆ ಮೀನು ತಂದ ಟ್ರಾಲ್ ಬೋಟಿನ ಹರಾಜು ಆ ದಿನ ಮಾಡೋ ಹಾಗಿಲ್ಲ ಅಂತ ಖರೀದಿಯವರಿಗೂ ತಿಳಿಸ್ಬೇಕು, ಮುಂಚೆ ಹೋದವನಿಗೆ ಮೊದಲ ರೇಟೇ ಸಿಗದಿದ್ರೆ ಯಾರೂ ಹೋಗೋದಿಲ್ಲ. ನಾಡದೋಣಿಯವರ ಬಲೆ ಹರಿದ್ರೆ ಪರಿಹಾರ ಬೋಟಿನ ಮಾಲಕನಿಂದ. ಬೇಲೇಕೇರಿ ಅಕ್ಕ, ನಿಮ್ಮ ತಮ್ಮನ ಸಹಿ ಮೊದಲು ಹಾಕಿಸುವ, ಅವರು ಒಪ್ಪಿದ್ರೆ.

ಬೇಲೇಕೇರಿ ಮೀನಿನಂಗಡಿ
ಒಪ್ತಾನೆ. ಮೊಟ್ಟೆ ಮೀನಿನ ವಿಷಯವೂ ಬರೀರಿ, ಬಂದ್ ಆಗಸ್ಟ್ 15ರ ತನಕ ಬೇಕು ಅಂತ. ಕಾರವಾರದಲ್ಲೇ ಕೇಂದ್ರದ ಸಾಗರ ಮೀನುಗಾರಿಕೆ ಸಂಶೋಧನೆಯವರು ಇದ್ದಾರೆ, ಅವರನ್ನೇ ಕೇಳ್ಲಿ.

ತದಡಿ ಬೋಟ್
ಆಗಸ್ಟ್ 15 ಅಂತ ಸೇರಿಸಿದ್ರೆ ನಾನು ಮತ್ತು ನಮ್ಮ ಬದಿಯವರು ಒಬ್ಬರೂ ಸಹಿ ಹಾಕೋದಿಲ್ಲ, ಈಗ್ಲೇ ಹೇಳ್ತೇನೆ. ಲೈಟ್ ಫಿಶಿಂಗ್, ಅಂದ್ರೆ ದೊಡ್ಡ ಲೈಟ್ ಹಾಕಿ ಮೀನು ಸೆಳೆದು ಹಿಡಿಯೋದು, 2017ರಲ್ಲೇ ಕೇಂದ್ರ ಸರ್ಕಾರ ಬಂದ್ ಮಾಡಿದೆ, ಇವತ್ತಿಗೂ ರಾತ್ರಿ ಸಮುದ್ರ ನೋಡಿದ್ರೆ ಪೇಟೆ ಹಾಗೆ ಬೆಳಕು ಕಾಣ್ತದೆ. ಮೊದಲು ಅದನ್ನ ಬರೀರಿ. ಅದು ಬರೆದ್ರೆ ಲಂಗರಿನ ಮಾತಿಗೆ, ಹರಾಜಿನ ಮಾತಿಗೆ ಯೋಚನೆ ಮಾಡುವ.

ಕಡಲಮಗ ಕಾರವಾರ
ಲೈಟ್ ಫಿಶಿಂಗ್ ಬಗ್ಗೆ ನೀವೇ ಮನವಿ ಬರೀರಿ, ಮೊದಲ ಸಹಿ ನನ್ನದು. ಇದು 31ರ ರಾತ್ರಿಯ ಮನವಿ, ಇದ್ರಲ್ಲಿ ಅದು ಬೇಡ, ಆಗಸ್ಟ್ 15ರದ್ದೂ ಬೇಡ ಅಕ್ಕ, ಅದಕ್ಕೆ ಬೇರೆಯೇ ಹೋರಾಟ ಮಾಡುವ. ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಇಲಾಖೆ ಆಫೀಸಿಗೆ ಹೋಗ್ತಿದ್ದೇನೆ, ಬರುವವರು ಆಧಾರ್ ಕಾರ್ಡಿನ ಝೆರಾಕ್ಸ್ ತನ್ನಿ, ಬೋಟಿದ್ದವರು ಬೋಟಿನ ನೋಂದಣಿ ಪ್ರತಿ ತನ್ನಿ.